ಕಡಿಮೆ ಖರ್ಚಿನಲ್ಲಿ ಸಿಲೂಯೆಟ್ ಶೂಟಿಂಗ್: ರಿಮ್‌ಫೈರ್ ರೈಫಲ್ ಆರಿಸುವುದು ಹೇಗೆ

40 ಮೀಟರ್‌ನಲ್ಲಿ ಕೋಳಿ, 60ರಲ್ಲಿ ಹಂದಿ, 77ರಲ್ಲಿ ಟರ್ಕಿ, 100ರಲ್ಲಿ ಟಗರು. ಎಲ್ಲವೂ ಉಕ್ಕಿನ ತಗಡಿನಲ್ಲಿ ಕತ್ತರಿಸಿದ ಆಕೃತಿಗಳು. ನಿಂತುಕೊಂಡು, ಯಾವ ಆಸರೆಯೂ ಇಲ್ಲದೆ ಹೊಡೆದು ಬೀಳಿಸಬೇಕು. ಸ್ಮಾಲ್‌ಬೋರ್ ಸಿಲೂಯೆಟ್, ಅಂದರೆ .22 ರಿಮ್‌ಫೈರ್ ತೋಟಾ (ಬುಡದ ಅಂಚಿಗೆ ಪಿನ್ ಬಡಿದು ಸಿಡಿಯುವ ಸಣ್ಣ ತೋಟಾ) ಹಾಕಿ ಆಡುವ ಸಿಲೂಯೆಟ್, ಇಷ್ಟೇ.

ಆ 77 ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಈ ಆಟ ಮೆಕ್ಸಿಕೋದಿಂದ ಅಮೆರಿಕಕ್ಕೆ ಬಂದದ್ದು. ಮೆಕ್ಸಿಕೋದ ಮೂಲ ಆಟಕ್ಕೆ ದೊಡ್ಡ ರೈಫಲ್ ಬೇಕು, ದೂರಗಳು 200, 300, 385, 500 ಮೀಟರ್. ಸ್ಮಾಲ್‌ಬೋರ್‌ನಲ್ಲಿ ದೂರವನ್ನೂ ಆಕೃತಿಯನ್ನೂ ಐದನೇ ಒಂದು ಭಾಗಕ್ಕೆ ಇಳಿಸಿದರು. 385ನ್ನು ಐದರಿಂದ ಭಾಗಿಸಿದರೆ 77. ಅಂದರೆ ಕಣ್ಣಿಗೆ ಗುರಿ ಎರಡು ಕಡೆಯೂ ಅಷ್ಟೇ ಸಣ್ಣದು. ಭುಜಕ್ಕೆ ಬೀಳುವ ಗುದ್ದು ಮತ್ತು ಜೇಬಿಗೆ ಬೀಳುವ ಖರ್ಚು ಮಾತ್ರ ತುಂಬ ಕಡಿಮೆ. ಕೆಲವು ಮೈದಾನಗಳಲ್ಲಿ ಈಗಲೂ ಆದೇಶಗಳನ್ನು ಸ್ಪ್ಯಾನಿಷ್‌ನಲ್ಲೇ ಕೂಗುತ್ತಾರೆ: ಲಿಸ್ಟೋ ಅಂದರೆ ಸಿದ್ಧ, ಫ್ವೇಗೋ ಅಂದರೆ ಹೊಡಿ.

ಕೊಡಗಿನವರಿಗೆ ಇದು ತೀರಾ ಹೊಸದು ಅನ್ನಿಸಲಿಕ್ಕಿಲ್ಲ. ಕೈಲ್‌ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದವರಿಗೆ, ಹೊಡೆದದ್ದು ಕಣ್ಣೆದುರೇ ಬೀಳುವ ಖುಷಿ ಎಂಥದ್ದು ಅಂತ ಗೊತ್ತು.

ಈ ಬರಹ ಅಮೆರಿಕದಲ್ಲಿ ನೆಲೆಸಿ, ಈ ಆಟಕ್ಕೆ ಮೊದಲ ರೈಫಲ್ ಕೊಳ್ಳಲು ಹೊರಟ ಕನ್ನಡಿಗರಿಗೆ. ಭಾರತದಲ್ಲಿ .22 ರೈಫಲ್‌ಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಬೇಕು. ಅದರ ದಾರಿಯೇ ಬೇರೆ, ಇಲ್ಲಿ ಅದಕ್ಕೆ ಹೋಗುವುದಿಲ್ಲ.

ಎಲ್ಲಕ್ಕಿಂತ ಮೊದಲು: ನಿಮಗೆ ಕೊಳ್ಳಲು ಅವಕಾಶ ಇದೆಯಾ?

ಇದನ್ನು ಯಾರೂ ಮೊದಲು ಹೇಳುವುದಿಲ್ಲ, ಆದರೆ ನಮ್ಮವರಿಗೆ ಇದೇ ಮುಖ್ಯ. ಎಚ್-1ಬಿ, ಎಲ್-1, ಎಫ್-1, ಎಚ್-4ರಂಥ ವೀಸಾದಲ್ಲಿ ಇರುವವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಸರಿಯಾದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಅದು ನಿಮಗೆ ಅನ್ವಯಿಸುತ್ತದೋ ಇಲ್ಲವೋ ಅಂತ ಇಮಿಗ್ರೇಶನ್ ವಕೀಲರನ್ನು ಕೇಳಿ. ಅಂಗಡಿಯವನನ್ನೋ ಗೆಳೆಯನನ್ನೋ ಕೇಳಿ ನಿರ್ಧರಿಸಬೇಡಿ. ಗೆಳೆಯನ ರೈಫಲ್ ಎರಡು ನಿಮಿಷ ಕೈಗೆ ತೆಗೆದುಕೊಳ್ಳುವುದಕ್ಕೂ ಇದೇ ಪ್ರಶ್ನೆ ಬರುತ್ತದೆ.

ಗ್ರೀನ್ ಕಾರ್ಡ್ ಇದ್ದವರು, ಪೌರರು ಸಾಮಾನ್ಯವಾಗಿ ಕೊಳ್ಳಬಹುದು. ಅಂಗಡಿಯಲ್ಲಿ ರೈಫಲ್ ಕೊಳ್ಳಲು ಫೆಡರಲ್ ಕಾನೂನಿನಂತೆ ಕನಿಷ್ಠ 18 ವರ್ಷ ಆಗಿರಬೇಕು. 4473 ಅನ್ನುವ ಫಾರ್ಮ್ ತುಂಬಬೇಕು, ಹಿನ್ನೆಲೆ ತಪಾಸಣೆ ನಡೆಯುತ್ತದೆ. ಅದರ ಮೇಲೆ ರಾಜ್ಯದ ನಿಯಮಗಳು. ಇಲಿನಾಯ್‌ನಲ್ಲಿ ಎಫ್‌ಒಐಡಿ ಅನ್ನುವ ಬಂದೂಕು ಮಾಲೀಕರ ಗುರುತಿನ ಕಾರ್ಡ್ ಬೇಕು. ನ್ಯೂಜೆರ್ಸಿಯಲ್ಲಿ ಅದರದೇ ಗುರುತಿನ ಕಾರ್ಡ್. ಕ್ಯಾಲಿಫೋರ್ನಿಯಾದಲ್ಲಿ ಸುರಕ್ಷತಾ ಪರೀಕ್ಷೆ ಪಾಸಾಗಬೇಕು, ಆಮೇಲೆ 10 ದಿನ ಕಾಯಬೇಕು. ನಿಮ್ಮ ರಾಜ್ಯದ್ದು ಏನು ಅಂತ ನೋಡಿಕೊಂಡೇ ಮುಂದಿನ ಹೆಜ್ಜೆ.

ಹೆಜ್ಜೆ 1: ಒಂದು ಪಂದ್ಯ ಸುಮ್ನೆ ನೋಡಿ ಬನ್ನಿ

ರೈಫಲ್ ಕೊಳ್ಳುವ ಮುಂಚೆ ನಿಮ್ಮ ಊರಿನ ಹತ್ತಿರ ಯಾವ ಕ್ಲಬ್ ಸಿಲೂಯೆಟ್ ನಡೆಸುತ್ತದೆ ಅಂತ ಹುಡುಕಿ. ಹತ್ತಿರದಲ್ಲಿ ಎಲ್ಲೂ ಪಂದ್ಯ ಇಲ್ಲದಿದ್ದರೆ ಇದಕ್ಕಂತಲೇ ರೈಫಲ್ ಕೊಂಡು ಏನು ಮಾಡುತ್ತೀರಿ, ಅಲ್ವಾ?

ಅಲ್ಲಿ ನಿಮಗೆ ಆಟದ ಲಯ ಕಾಣುತ್ತದೆ. ಒಂದು ಸಾಲಿಗೆ ಐದು ಆಕೃತಿಗಳು. ಐದಕ್ಕೆ ಐದೇ ಗುಂಡು, ಸಮಯ ಎರಡೂವರೆ ನಿಮಿಷ. ಎಡದಿಂದ ಬಲಕ್ಕೆ ಕ್ರಮವಾಗಿ ಹೊಡೆಯಬೇಕು. ಸಾಲು ತಪ್ಪಿಸಿ ಬೇರೆಯದನ್ನು ಬೀಳಿಸಿದರೆ ಅದು ಲೆಕ್ಕಕ್ಕಿಲ್ಲ. ಗುಂಡು ತಾಗಿ ಟಣ್ ಅಂದರೂ ಆಕೃತಿ ಬೀಳದಿದ್ದರೆ ಅಂಕ ಇಲ್ಲ. ರೈಫಲ್‌ನ ಪಟ್ಟಿಯನ್ನು ಕೈಗೆ ಬಿಗಿದುಕೊಳ್ಳುವಂತಿಲ್ಲ, ದಪ್ಪ ಶೂಟಿಂಗ್ ಜಾಕೆಟ್ ಹಾಕುವಂತಿಲ್ಲ.

ರೈಫಲ್‌ಗಳಲ್ಲಿ ಎರಡು ವರ್ಗ ಇವೆ. ಒಂದು ಸ್ಟ್ಯಾಂಡರ್ಡ್, ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಸೇರಿ 10 ಪೌಂಡ್ 2 ಔನ್ಸ್‌ವರೆಗೆ ತೂಗಬಹುದು, ಅಂದರೆ ಸುಮಾರು 4.6 ಕಿಲೋ. ಇನ್ನೊಂದು ಹಂಟರ್ ವರ್ಗ: ಸ್ಕೋಪ್ ಸೇರಿ 8.5 ಪೌಂಡ್, ಸುಮಾರು 3.85 ಕಿಲೋ. ಇದರಲ್ಲಿ ಟ್ರಿಗರ್ ಕನಿಷ್ಠ 2 ಪೌಂಡ್ ಎಳೆತ ಹೊಂದಿರಬೇಕು, ಸ್ಟಾಕ್ (ಕೈಯಲ್ಲಿ ಹಿಡಿದು ಭುಜಕ್ಕೆ ಒರಗಿಸುವ ಮರದ ಅಥವಾ ಪ್ಲಾಸ್ಟಿಕ್ ಭಾಗ) ಮಾಮೂಲಿ ಬೇಟೆ ರೈಫಲ್‌ನಂತೆ ಇರಬೇಕು. ಹಣ ಉಳಿಸಬೇಕು ಅನ್ನುವವರು ಹಂಟರ್ ವರ್ಗವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳಿ. ಯಾಕೆಂದರೆ ಹಂಟರ್ ರೈಫಲ್ ಹಿಡಿದು ಸ್ಟ್ಯಾಂಡರ್ಡ್‌ನಲ್ಲೂ ಹೊಡೆಯಬಹುದು. ಅದರ ತಿರುವುಮುರುವು ನಡೆಯುವುದಿಲ್ಲ. ಒಂದೇ ಕೋವಿ, ಎರಡು ಪಂದ್ಯ.

ನಿಯಮ ಪುಸ್ತಕ ಆಗಾಗ ತಿದ್ದುಪಡಿ ಆಗುತ್ತದೆ. ಪಂದ್ಯ ನಡೆಸುವವರ ಹತ್ತಿರ ಈ ವರ್ಷದ್ದು ಕೇಳಿ ಓದಿ. ಸಿಲೂಯೆಟ್ ಜನ ಧಾರಾಳಿಗಳು. ಆಸಕ್ತಿಯಿಂದ ಕೇಳಿದರೆ ತಮ್ಮ ರೈಫಲ್ ಕೊಟ್ಟು "ಒಂದು ಸಾಲು ಹೊಡೆದು ನೋಡಿ" ಅನ್ನುವವರು ಬಹಳ. ಕಾನೂನು ಅಡ್ಡಿ ಇಲ್ಲದಿದ್ದರೆ ಎರಡು ಮೂರು ಬಗೆಯದನ್ನು ಹೀಗೇ ಹಿಡಿದು ನೋಡಿ.

ಹೆಜ್ಜೆ 2: ಹಣವನ್ನು ಸರಿಯಾಗಿ ಹಂಚಿ

ಹೊಸಬರು ಮಾಡುವುದು ಏನೆಂದರೆ, ಇರುವ ಹಣವನ್ನೆಲ್ಲ ರೈಫಲ್‌ಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಒಂದು ಸ್ಕೋಪ್ ತರುತ್ತಾರೆ. ನನ್ನ ಪ್ರಕಾರ ರೈಫಲ್‌ಗೆ ಒಂದು ಪಾಲು, ಸ್ಕೋಪ್ ಮತ್ತು ಅದನ್ನು ರೈಫಲ್‌ಗೆ ಕೂರಿಸುವ ರಿಂಗ್‌ಗಳಿಗೆ ಒಂದು ಪಾಲು, ಮೊದಲ ವರ್ಷದ ತೋಟಾಗಳಿಗೆ ಒಂದು ಪಾಲು. ಮೂರೂ ಹೆಚ್ಚುಕಮ್ಮಿ ಸಮ. ಉದಾಹರಣೆಗೆ 1,200 ಡಾಲರ್ ಇದೆ ಅನ್ನಿ. ನಾನೂರರ ರೈಫಲ್, ನಾನೂರರ ಸ್ಕೋಪ್, ನಾನೂರರ ತೋಟಾ.

ಇದಕ್ಕೆ ಕಾರಣ ಇದೆ. ಇವತ್ತಿನ ಸಾಧಾರಣ ಬೋಲ್ಟ್ ರೈಫಲ್ (ಪ್ರತಿ ಗುಂಡಿಗೂ ಕೈಯಲ್ಲಿ ಹಿಡಿ ಎಳೆದು ತಳ್ಳಬೇಕಾದದ್ದು) ಕೂಡ, ಸರಿಯಾದ ತೋಟಾ ಸಿಕ್ಕರೆ, 100 ಮೀಟರ್‌ನಲ್ಲಿ ಒಂದೂವರೆ ಇಂಚಿನೊಳಗೆ ಗುಂಡುಗಳನ್ನು ಇಡುತ್ತದೆ. ಟಗರಿನ ಮೈ ಅದಕ್ಕಿಂತ ಎಷ್ಟೋ ದೊಡ್ಡದು. ನಿಂತು ಹೊಡೆಯುವ ಹೊಸಬರ ಕೈ ಅದರ ಹಲವು ಪಟ್ಟು ತೂಗಾಡುತ್ತದೆ. ಹಾಗಿರುವಾಗ ಅರ್ಧ ಇಂಚಿನ ನಿಖರತೆಗೆ ಸಾವಿರ ಡಾಲರ್ ಜಾಸ್ತಿ ಕೊಡುವುದು ಯಾಕೆ? ಅದೇ ದುಡ್ಡು ತೋಟಾಗೆ ಹಾಕಿದರೆ ಕೈ ಪಳಗುತ್ತದೆ.

ಹೆಜ್ಜೆ 3: ಬೋಲ್ಟ್ ಆಕ್ಷನ್ ಆರಿಸಿ

ಐದು ಗುಂಡಿಗೆ ಎರಡೂವರೆ ನಿಮಿಷ ಅಂದರೆ ಬೇಕಾದಷ್ಟು ಸಮಯ. ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್‌ನ ವೇಗ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬೋಲ್ಟ್ ರೈಫಲ್‌ಗೆ ಕಡಿಮೆ ಬೆಲೆಯಲ್ಲೇ ಒಳ್ಳೆಯ ಟ್ರಿಗರ್ ಬರುತ್ತದೆ, ನಿಧಾನದ ತೋಟಾ ಹಾಕಿದರೂ ಸಿಕ್ಕಿಕೊಳ್ಳುವುದಿಲ್ಲ, ಬೋಲ್ಟ್ ಹಿಂದಕ್ಕೆ ಎಳೆದಿಟ್ಟರೆ ಖಾಲಿ ಇದೆ ಅಂತ ಎಲ್ಲರಿಗೂ ಕಾಣುತ್ತದೆ.

ಆದರೆ ಮನೆಯಲ್ಲಿ ಆಗಲೇ ಸೆಮಿ ಆಟೊಮ್ಯಾಟಿಕ್ ಆದ ರೂಗರ್ 10/22 ಇದ್ದರೆ ಅದರಲ್ಲೇ ಶುರು ಮಾಡಿ. 1964ರಿಂದ ಬರುತ್ತಿರುವ ರೈಫಲ್ ಅದು, ಬಿಡಿಭಾಗಗಳಿಗೆ ಬರವಿಲ್ಲ. ಫ್ಯಾಕ್ಟರಿ ಟ್ರಿಗರ್ ಗಡಸು. ಅದೇ ಕಂಪನಿಯ ಬಿಎಕ್ಸ್ ಟ್ರಿಗರ್ ಹಾಕಿದರೆ ಎಳೆತ ಎರಡೂವರೆ, ಮೂರು ಪೌಂಡ್‌ಗೆ ಇಳಿಯುತ್ತದೆ. ಹಳೆಯ ಮಾರ್ಲಿನ್ 60 ಕೂಡ ಅಗ್ಗಕ್ಕೆ ಸಿಗುತ್ತದೆ. ಆದರೆ ಅದರ ಮ್ಯಾಗಜಿನ್ ಬ್ಯಾರಲ್ ಕೆಳಗಿನ ಕೊಳವೆ. ಪ್ರತಿ ಸಾಲಿಗೂ ಐದೈದು ತುಂಬುವುದು, ಖಾಲಿ ಅಂತ ತೋರಿಸುವುದು ಕಿರಿಕಿರಿ.

ಹೆಜ್ಜೆ 4: ಯಾವ ಯಾವ ರೈಫಲ್ ನೋಡಬೇಕು

ನಾನು ಹೇಳುವ ಬೆಲೆಗಳು ಅಂದಾಜು. ಅಂಗಡಿ, ರಾಜ್ಯ, ಸೀಸನ್ ನೋಡಿ ಹೆಚ್ಚುಕಮ್ಮಿ ಆಗುತ್ತವೆ.

ತೀರಾ ಕಡಿಮೆ ದುಡ್ಡಿಗೆ ಸ್ಯಾವೇಜ್ ಮಾರ್ಕ್ 2. ಮುನ್ನೂರು ನಾನೂರು ಡಾಲರ್ ಆಸುಪಾಸು. ಇದರ ಆಕ್ಯುಟ್ರಿಗರ್ ಅನ್ನುವ ಟ್ರಿಗರ್ ಅನ್ನು ನಾವೇ ಹಗುರ ಮಾಡಿಕೊಳ್ಳಬಹುದು. ಈ ಬೆಲೆಗೆ ಇಂಥ ಟ್ರಿಗರ್ ಸಿಗುವುದು ದೊಡ್ಡ ವಿಷಯ. ಬೋಲ್ಟ್ ಸ್ವಲ್ಪ ಒರಟು, ಪ್ಲಾಸ್ಟಿಕ್ ಸ್ಟಾಕ್ ಟೊಳ್ಳು ಅನ್ನಿಸುತ್ತದೆ. ಗುಂಡು ಮಾತ್ರ ಹೇಳಿದಲ್ಲಿಗೆ ಹೋಗುತ್ತದೆ. ಎಡಗೈಯವರಿಗೆ ಎಡಗೈ ಬೋಲ್ಟ್‌ನ ಮಾದರಿಗಳೂ ಇದರಲ್ಲಿ ಬರುತ್ತವೆ. ಅಗ್ಗದ ರೈಫಲ್‌ಗಳಲ್ಲಿ ಅದು ಅಪರೂಪ.

ರೂಗರ್ ಅಮೆರಿಕನ್ ರಿಮ್‌ಫೈರ್ ಕೂಡ ಅದೇ ಬೆಲೆಯ ಸುತ್ತ. 10/22ರ ಮ್ಯಾಗಜಿನ್ನೇ ಇದಕ್ಕೂ ಆಗುತ್ತದೆ. ಟ್ರಿಗರ್ ಹೊಂದಿಸಬಹುದು, ಆದರೆ ಇಳಿಯುವುದು 3 ಪೌಂಡ್‌ವರೆಗೆ ಮಾತ್ರ. ಸ್ಯಾವೇಜ್‌ಗೂ ಇದಕ್ಕೂ ನಡುವೆ ನಾನು ಸ್ಯಾವೇಜ್ ಕಡೆ.

ಸ್ವಲ್ಪ ಕೈ ಬಿಚ್ಚುವುದಾದರೆ ಝೆಕ್ ಗಣರಾಜ್ಯದ ಸಿಝಡ್. ಹೊಸ 457 ಐನೂರರಿಂದ ಏಳುನೂರು ಡಾಲರ್ ಆಗಬಹುದು. ಅದು ಬಂದ ಮೇಲೆ ಹಳೆಯ 452, 455 ಸೆಕೆಂಡ್‌ಹ್ಯಾಂಡ್‌ನಲ್ಲಿ ಆಗಾಗ ಕಾಣಸಿಗುತ್ತವೆ. ನನ್ನ ಆಯ್ಕೆ ಇದೇ: ಚೆನ್ನಾಗಿ ಇಟ್ಟುಕೊಂಡ ಹಳೆಯ ಸಿಝಡ್. ವಾಲ್‌ನಟ್ ಮರದ ಸ್ಟಾಕ್, ಒಳ್ಳೆ ಬ್ಯಾರಲ್, ಬೇಡ ಅನ್ನಿಸಿದರೆ ಕೊಟ್ಟ ಬೆಲೆಯ ಹತ್ತಿರಕ್ಕೇ ಮಾರಿಹೋಗುತ್ತದೆ. ಎರಡು ವಿಷಯ ಗಮನದಲ್ಲಿರಲಿ. 452 ಮತ್ತು 455ರ ಸೇಫ್ಟಿ ಉಲ್ಟಾ. ಹಿಂದಕ್ಕೆ ಎಳೆದಾಗ ಗುಂಡು ಹಾರಲು ಸಿದ್ಧ, ಮುಂದಕ್ಕೆ ತಳ್ಳಿದಾಗ ಸೇಫ್. ಬೇರೆ ರೈಫಲ್ ಹಿಡಿದು ಅಭ್ಯಾಸ ಇದ್ದವರು ಇದನ್ನು ಮೈಗೂಡಿಸಿಕೊಳ್ಳದೆ ಮೈದಾನಕ್ಕೆ ಹೋಗಬಾರದು. ಇನ್ನೊಂದು, ಹಳೆಯ ಮಾದರಿಗಳ ಬೋಲ್ಟ್ 90 ಡಿಗ್ರಿ ಎತ್ತಬೇಕು. ಸ್ಕೋಪ್‌ನ ಕಣ್ಣಿನ ಕಡೆಯ ತುದಿ ದಪ್ಪ ಇದ್ದರೆ ಬೋಲ್ಟ್ ಹಿಡಿ ಅದಕ್ಕೆ ತಾಗುತ್ತದೆ. 457ರಲ್ಲಿ ಇದು 60 ಡಿಗ್ರಿ, ಸೇಫ್ಟಿಯೂ ಎಲ್ಲರಂತೆ.

ಟಿಕ್ಕಾ ಟಿ1ಎಕ್ಸ್ ಇದೇ ಸಾಲಿನದು, ಬೋಲ್ಟ್ ಬೆಣ್ಣೆಯಂತೆ ಓಡುತ್ತದೆ. ಇನ್ನು ದುಬಾರಿ ಅನ್‌ಶುಟ್ಜ್ 1712. ಪಂದ್ಯದ ಸಾಲಿನಲ್ಲಿ ಮುಂದೆ ನಿಂತವರ ಕೈಯಲ್ಲಿ ಅದನ್ನು ನೋಡಿ ಆಸೆಪಡುತ್ತೀರಿ. ಪಡಿ, ಆದರೆ ಈಗ ಕೊಳ್ಳಬೇಡಿ.

ಒಂದು ಎಚ್ಚರಿಕೆ: .22 ಎಲ್‌ಆರ್ (ಲಾಂಗ್ ರೈಫಲ್) ತೋಟಾದ್ದು ಮಾತ್ರ ಕೊಳ್ಳಿ. .22 ಮ್ಯಾಗ್ನಮ್ ಅಥವಾ .17 ರೈಫಲ್‌ಗಳು ಅದೇ ಹೆಸರಿನ ಮಾದರಿಗಳಲ್ಲೇ ಬರುತ್ತವೆ, ಪಕ್ಕದಲ್ಲೇ ಇಟ್ಟಿರುತ್ತಾರೆ. ಈ ಪಂದ್ಯಕ್ಕೆ ಅವು ನಡೆಯುವುದಿಲ್ಲ.

ಹೆಜ್ಜೆ 5: ನಿಂತು ಹಿಡಿದು ನೋಡಿ

ಇದಕ್ಕೆ ಸಮಯ ಕೊಡಿ. ಬೆಂಚಿನ ಮೇಲೆ ಇಟ್ಟು ಹೊಡೆಯುವಾಗ ಯಾವ ರೈಫಲ್ ಆದರೂ ನಡೆಯುತ್ತದೆ. ನಿಂತಾಗ ನಡೆಯುವುದಿಲ್ಲ.

ಅಂಗಡಿಯವರ ಒಪ್ಪಿಗೆ ಕೇಳಿ, ಬೋಲ್ಟ್ ತೆರೆದು ಖಾಲಿ ಇದೆ ಅಂತ ನೀವೇ ನೋಡಿ, ಯಾರೂ ಇಲ್ಲದ ಕಡೆಗೆ ಮುಖ ಮಾಡಿ. ಕಣ್ಣು ಮುಚ್ಚಿ ರೈಫಲ್ ಅನ್ನು ಭುಜಕ್ಕೆ ಏರಿಸಿ. ಕೆನ್ನೆಯನ್ನು ಸ್ಟಾಕ್ ಮೇಲೆ ಆರಾಮವಾಗಿ ಇಡಿ. ಈಗ ಕಣ್ಣು ತೆರೆಯಿರಿ. ಸ್ಕೋಪ್‌ನ ಪೂರ್ತಿ ವೃತ್ತ ಕಂಡರೆ ಅಳತೆ ಸರಿ. ತಲೆ ಎತ್ತಬೇಕಾಯಿತು, ಕತ್ತು ಮುಂದೆ ಚಾಚಬೇಕಾಯಿತು ಅಂದರೆ ಸ್ಟಾಕ್ ನಿಮ್ಮ ಮೈಗೆ ಹೊಂದಿಲ್ಲ. ಹಳೆಯ ಸ್ಟಾಕ್‌ಗಳು ಕಬ್ಬಿಣದ ಸೈಟ್‌ಗೆ ಅಂತ ಮಾಡಿದವು, ಕೆನ್ನೆ ತಾಗುವ ಅಂಚು ತಗ್ಗು. ಸ್ಕೋಪ್ ಹಾಕಿದರೆ ಕೆನ್ನೆ ಗಾಳಿಯಲ್ಲಿ ತೇಲುತ್ತದೆ. ಅಂಚು ಎತ್ತರ ಇರುವ ಸ್ಟಾಕ್ ಹುಡುಕಿ. ಫೋಮ್ ಅಂಟಿಸಿ ಎತ್ತರಿಸುವ ಉಪಾಯ ಇದೆ, ಆದರೆ ಹಂಟರ್ ವರ್ಗದಲ್ಲಿ ಒಪ್ಪುತ್ತಾರಾ ಅಂತ ಮೊದಲು ಕೇಳಿ.

ಮುಂಗೈ ಚಿಕ್ಕದಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ ಸ್ಟಾಕ್‌ನ ಉದ್ದ ಮುಖ್ಯ. ಉದ್ದ ಜಾಸ್ತಿಯಾದರೆ ದೇಹ ಹಿಂದಕ್ಕೆ ವಾಲುತ್ತದೆ, ಸೊಂಟ ನೋಯುತ್ತದೆ. ಮರದ ಸ್ಟಾಕ್ ಆದರೆ ಗನ್‌ಸ್ಮಿತ್ ಹತ್ತಿರ ಹಿಂದಿನಿಂದ ಸ್ವಲ್ಪ ಕತ್ತರಿಸಿಕೊಳ್ಳಬಹುದು.

ತೂಕದ ವಿಷಯದಲ್ಲಿ ದಪ್ಪ ಬ್ಯಾರಲ್ ಒಳ್ಳೆಯದು ಅನ್ನುವ ಮಾತು ಎಲ್ಲ ಕಡೆ ಇದೆ. ಸ್ವಲ್ಪ ಮುಂಭಾರ ಇದ್ದರೆ ತುದಿ ನಿಧಾನವಾಗಿ ತೂಗಾಡುತ್ತದೆ, ನಿಜ. ಆದರೆ 40 ಗುಂಡಿನ ಪಂದ್ಯದಲ್ಲಿ ಕೊನೆಯ ಹತ್ತಕ್ಕೆ ಬರುವಾಗ ಎಡಗೈ ಬೀಳುತ್ತಿರುತ್ತದೆ. ಅಂಗಡಿಯಲ್ಲಿ ಹಿಡಿದ ತಕ್ಷಣ ಹೇಗಿದೆ ಅಂತ ನೋಡಬೇಡಿ. ಒಂದು ನಿಮಿಷ ಗುರಿ ಹಿಡಿದು ನಿಂತು ಆಮೇಲೆ ನಿರ್ಧರಿಸಿ. ಹಂಟರ್ ವರ್ಗಕ್ಕಾದರೆ ರೈಫಲ್, ಸ್ಕೋಪ್, ರಿಂಗ್ ಎಲ್ಲದರ ತೂಕ ಕೂಡಿಸಿ 8.5 ಪೌಂಡ್ ದಾಟಲ್ಲ ಅಂತ ಲೆಕ್ಕ ಹಾಕಿ.

ಹೆಜ್ಜೆ 6: ಹಳೆಯದು ಕೊಳ್ಳುವಾಗ ಪರೀಕ್ಷೆ

ಬೋಲ್ಟ್ ತೆಗೆದು ಬ್ಯಾರಲ್ ಒಳಗೆ ಬೆಳಕು ಬಿಟ್ಟು ನೋಡಿ. ತುಕ್ಕಿನ ಗುಂಡಿಗಳು ಕಂಡರೆ ಬಿಟ್ಟುಬಿಡಿ. ಬ್ಯಾರಲ್‌ನ ತುದಿಯ ಅಂಚಿನಲ್ಲಿ ಪೆಟ್ಟು, ಚಿಪ್ಪೆದ್ದ ಗುರುತು ಇರಬಾರದು. ಗುಂಡು ಕೊನೆಯದಾಗಿ ಮುಟ್ಟುವ ಜಾಗ ಅದು.

ರಿಮ್‌ಫೈರ್‌ಗೇ ವಿಶೇಷವಾದ ಒಂದು ತೊಂದರೆ ಇದೆ. ಈ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಮದ್ದು ಬುಡದ ಅಂಚಿನಲ್ಲೇ ಇರುತ್ತದೆ, ಹಾಗಾಗಿ ಫೈರಿಂಗ್ ಪಿನ್ ಹೊಡೆಯುವುದೂ ಅಂಚಿಗೇ. ತೋಟಾ ಇಲ್ಲದೆ ಟ್ರಿಗರ್ ಎಳೆಯುತ್ತಾ ಹೋದರೆ ಕೆಲವು ರೈಫಲ್‌ಗಳಲ್ಲಿ ಪಿನ್ ನೇರ ಚೇಂಬರ್‌ನ (ತೋಟಾ ಕೂರುವ ಜಾಗದ) ಅಂಚಿಗೆ ಬಡಿದು ಹಳ್ಳ ಬೀಳುತ್ತದೆ. ಆಮೇಲೆ ತೋಟಾ ಸಲೀಸಾಗಿ ಒಳಗೆ ಹೋಗುವುದಿಲ್ಲ, ಹೊಡೆದ ತೋಟಾದ ಖಾಲಿ ಕೊಳವೆ ಹೊರಗೆ ಬರುವುದಿಲ್ಲ. ಟಾರ್ಚ್ ಹಿಡಿದು ಆ ಅಂಚು ನೋಡಿ. ಸ್ಟಾಕ್‌ನ ಸಣಕಲು ಭಾಗದಲ್ಲಿ, ಅಂದರೆ ಟ್ರಿಗರ್ ಹಿಂದೆ ಕೈ ಹಿಡಿಯುವಲ್ಲಿ, ಬಿರುಕು ಇದೆಯಾ ನೋಡಿ. ಮ್ಯಾಗಜಿನ್ ಇದೆಯಾ, ಗಟ್ಟಿಯಾಗಿ ಕೂರುತ್ತದಾ ನೋಡಿ. ನಿಂತುಹೋದ ಮಾದರಿಗೆ ಮ್ಯಾಗಜಿನ್ ಹುಡುಕುವುದು ತಲೆನೋವು.

ಹೆಜ್ಜೆ 7: ಸ್ಕೋಪ್

ನಾಲ್ಕು ದೂರಕ್ಕೆ ನಾಲ್ಕು ಸಲ ಸ್ಕೋಪ್‌ನ ಗುಂಡಿ ತಿರುಗಿಸಬೇಕು. 40 ಮೀಟರ್‌ಗೆ ಸರಿಹೊಂದಿಸಿದ .22, 100 ಮೀಟರ್ ಮುಟ್ಟುವ ಹೊತ್ತಿಗೆ ಎಂಟೊಂಬತ್ತು ಮಿನಿಟ್ ಆಫ್ ಆಂಗಲ್ (ಒಂದು ಮಿನಿಟ್ ಅಂದರೆ ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಭಾಗ) ಕೆಳಗಿಳಿದಿರುತ್ತದೆ. ಕಾಲು ಮಿನಿಟ್‌ನ ಕ್ಲಿಕ್ ಆದರೆ 30ರಿಂದ 40 ಕ್ಲಿಕ್. ಪಂದ್ಯದುದ್ದಕ್ಕೂ ಹೀಗೆ ಮೇಲೆ ಕೆಳಗೆ ತಿರುಗಿಸುತ್ತಾ ಇರುತ್ತೀರಿ. ಅದು ಪ್ರತಿ ಸಲ ಅದೇ ಜಾಗಕ್ಕೆ ವಾಪಸ್ ಬರಲೇಬೇಕು. ಅಗ್ಗದ ಸ್ಕೋಪ್ ಕೈಕೊಡುವುದು ಇಲ್ಲೇ, ಗಾಜಿನಲ್ಲಿ ಅಲ್ಲ.

ಹಾಗಾಗಿ ನೋಡಬೇಕಾದದ್ದು ಮೂರು. ಕೈಯಲ್ಲೇ ತಿರುಗಿಸಬಹುದಾದ, ಅಂಕಿ ಬರೆದ ಟರೆಟ್, ಅಂದರೆ ಆ ಗುಂಡಿ. 40 ಮೀಟರ್‌ವರೆಗೂ ಹೊಂದಿಸಬಹುದಾದ ಪ್ಯಾರಲಾಕ್ಸ್ (ಕಣ್ಣು ಸರಿದಾಗ ಗುರಿಯೂ ಸರಿದಂತೆ ಕಾಣುವ ದೋಷ). ಕ್ಲಿಕ್‌ಗಳು ನಿಯತ್ತಾಗಿರುವುದು. ಜೂಮ್ ಅಷ್ಟು ಮುಖ್ಯ ಅಲ್ಲ. 10ರಿಂದ 16 ಪಟ್ಟು ಸಾಕು. ಜಾಸ್ತಿ ಮಾಡಿದಷ್ಟೂ ನಿಮ್ಮ ಕೈ ನಡುಗುವುದು ದೊಡ್ಡದಾಗಿ ಕಂಡು ಗಾಬರಿ ಆಗುತ್ತದೆ. ಜೂಮ್ ಇಲ್ಲದ ಹಳೆಯ ವೀವರ್ ಟಿ ಸರಣಿಯ ಸ್ಕೋಪ್‌ಗಳು ಈ ಆಟದಲ್ಲಿ ಹೆಸರು ಮಾಡಿದವು. ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಯೋಚಿಸಬೇಡಿ.

ಕೊಂಡ ಮೇಲೆ ಪರೀಕ್ಷೆ ಹೀಗೆ: ಮರಳುಚೀಲದ ಮೇಲೆ ರೈಫಲ್ ಇಟ್ಟು ಒಂದು ಗುಂಡು. 20 ಕ್ಲಿಕ್ ಮೇಲೆ, ಒಂದು ಗುಂಡು. 20 ಬಲಕ್ಕೆ, 20 ಕೆಳಕ್ಕೆ, 20 ಎಡಕ್ಕೆ, ಪ್ರತಿ ಸಲವೂ ಅದೇ ಬಿಂದುವಿಗೆ ಗುರಿ ಇಟ್ಟು ಹೊಡೆಯಿರಿ. ಕಾಗದದ ಮೇಲೆ ಚೌಕ ಮೂಡಿ, ಕೊನೆಯ ಗುಂಡು ಮೊದಲನೆಯದರ ಪಕ್ಕ ಬೀಳಬೇಕು. ಬೀಳದಿದ್ದರೆ ರಿಟರ್ನ್ ಅವಧಿ ಮುಗಿಯುವ ಮುಂಚೆ ವಾಪಸ್ ಕೊಡಿ.

ರಿಂಗ್ ಕೊಳ್ಳುವಾಗ ಸಿಝಡ್‌ಗೆ 11 ಮಿಲಿಮೀಟರ್ ಡವ್‌ಟೇಲ್ ಅನ್ನುವ ಗಾಡಿಗೆ ಹಿಡಿಯುವಂಥದ್ದು ಬೇಕು, ಸ್ಯಾವೇಜ್‌ಗೆ ವೀವರ್ ಬಗೆಯ ಬೇಸ್‌ಗೆ ಹಿಡಿಯುವಂಥದ್ದು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಹೆಜ್ಜೆ 8: ನಿಮ್ಮ ರೈಫಲ್‌ಗೆ ಯಾವ ತೋಟಾ ಇಷ್ಟ?

ಒಂದೇ ಕಂಪನಿಯ ಎರಡು ಸ್ಯಾವೇಜ್ ರೈಫಲ್‌ಗಳಿಗೆ ಎರಡು ಬೇರೆ ತೋಟಾ ಹಿಡಿಸಬಹುದು. ಇದಕ್ಕೆ ಹೊಡೆದು ನೋಡುವುದೊಂದೇ ದಾರಿ. ಐದಾರು ಬಗೆ ಒಂದೊಂದು ಡಬ್ಬಿ ತನ್ನಿ. ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ ಅಗ್ಗದ್ದು, ಅದರಿಂದ ಶುರು ಮಾಡಿ. ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, ಎಲಿ ಕಂಪನಿಯ ಕೆಳಗಿನ ದರ್ಜೆಯವು ಒಂದೆರಡು ಸೇರಿಸಿ. ಆಸರೆ ಇಟ್ಟು ಪ್ರತಿಯೊಂದರಿಂದ ಹತ್ತು ಗುಂಡಿನ ಎರಡು ಗುಂಪು ಹೊಡೆಯಿರಿ. ಐದು ಗುಂಡಿನ ಗುಂಪು ಅದೃಷ್ಟದಿಂದ ಚಿಕ್ಕದಾಗಿ ಬಂದು ಮೋಸ ಮಾಡುತ್ತದೆ. ತೋಟಾ ಬದಲಿಸಿದಾಗ ಮೊದಲ ಹತ್ತು ಹದಿನೈದು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ತೋಟಾದ ಮೇಣ ಬ್ಯಾರಲ್‌ನಲ್ಲಿ ಇನ್ನೂ ಇರುತ್ತದೆ.

ಹೈ ವೆಲಾಸಿಟಿ ತೋಟಾ ಜೋರಾಗಿ ಹೋಗುತ್ತದೆ, ಟಗರು ಸುಲಭವಾಗಿ ಬೀಳುತ್ತದೆ ಅಂತ ಅನ್ನಿಸುವುದು ಸಹಜ. ಆಗುವುದು ಬೇರೆ. ಸ್ಟ್ಯಾಂಡರ್ಡ್ ತೋಟಾ ಸೆಕೆಂಡಿಗೆ ಸುಮಾರು 1,070 ಅಡಿ, ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ. ಹೈ ವೆಲಾಸಿಟಿ ಶಬ್ದಕ್ಕಿಂತ ವೇಗವಾಗಿ ಹೊರಟು, ದಾರಿಯಲ್ಲಿ ಅದಕ್ಕಿಂತ ಕೆಳಗೆ ಇಳಿಯುತ್ತದೆ. ಆ ವೇಗದಲ್ಲಿ ಗಾಳಿಯ ತಡೆ ಜಾಸ್ತಿ, ಹಾಗಾಗಿ ಅಡ್ಡಗಾಳಿಗೆ ಅದೇ ಹೆಚ್ಚು ಪಕ್ಕಕ್ಕೆ ಸರಿಯುತ್ತದೆ. ನಿಖರತೆಯೂ ಕಡಿಮೆ. ಟಗರು ಬೀಳಬೇಕಾದರೆ ಕಾಲಿಗಲ್ಲ, ಬೆನ್ನಿನ ಹತ್ತಿರ ಹೊಡೆಯಬೇಕು. ಮೇಲೆ ತಾಗಿದಷ್ಟೂ ಬೇಗ ಮಗುಚುತ್ತದೆ.

ಹಿಡಿಸಿದ್ದು ಸಿಕ್ಕ ಮೇಲೆ ಡಬ್ಬಿ ಮೇಲಿನ ಲಾಟ್ ನಂಬರ್ ಬರೆದುಕೊಂಡು, ಅದೇ ಲಾಟ್‌ನ 500 ತೋಟಾಗಳ ಒಂದು ಬ್ರಿಕ್ ತಂದಿಡಿ.

ಹೆಜ್ಜೆ 9: ಕ್ಲಿಕ್ ಪಟ್ಟಿ, ಮನೆಯಲ್ಲಿ ಅಭ್ಯಾಸ

ಆ ತೋಟಾದಿಂದ ನಾಲ್ಕು ದೂರಕ್ಕೂ ಆಸರೆ ಇಟ್ಟು ಹೊಡೆದು, ಎಷ್ಟೆಷ್ಟು ಕ್ಲಿಕ್ ಅಂತ ಒಂದು ಚೀಟಿಯಲ್ಲಿ ಬರೆದು ಸ್ಟಾಕ್‌ಗೆ ಅಂಟಿಸಿ. ಫೋನ್ ಆ್ಯಪ್‌ನ ಲೆಕ್ಕ ಹತ್ತಿರಕ್ಕೆ ತರುತ್ತದೆ, ಆದರೆ ಚೀಟಿಗೆ ಬರೆಯುವುದು ಹೊಡೆದು ನೋಡಿದ್ದನ್ನು ಮಾತ್ರ. ಚಳಿಗಾಲದಲ್ಲಿ ಮತ್ತೆ ಒಮ್ಮೆ ನೋಡಿ, ಥಂಡಿಯಲ್ಲಿ ಗುಂಡು ಸ್ವಲ್ಪ ನಿಧಾನ ಆಗುತ್ತದೆ.

ತೋಟಾ ಇಲ್ಲದೆ ಮಾಡುವ ಮನೆಯ ಅಭ್ಯಾಸಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆಗೆ ಸ್ಕ್ರೂ ಹಾಕಲು ಸಿಗುವ ಹಳದಿ ಪ್ಲಾಸ್ಟಿಕ್ ಆಂಕರ್ ತನ್ನಿ. ಸರಿಯಾದ ಸೈಜಿನದು .22 ಚೇಂಬರ್‌ನಲ್ಲಿ ಕೂರುತ್ತದೆ, ಪಿನ್‌ನ ಪೆಟ್ಟು ಅದು ತಿನ್ನುತ್ತದೆ. ಕೆಲವು ಸಲ ಹೊಡೆದ ಮೇಲೆ ಬದಲಿಸಿ. ಅಭ್ಯಾಸದ ಕೋಣೆಯಲ್ಲಿ ನಿಜವಾದ ತೋಟಾ ಒಂದೂ ಇರಬಾರದು. ಗೋಡೆಯ ಮೇಲೆ ಸಣ್ಣ ಕೋಳಿಯ ಚಿತ್ರ ಅಂಟಿಸಿ, ದಿನಕ್ಕೆ ಹತ್ತು ನಿಮಿಷ ನಿಂತು ಟ್ರಿಗರ್ ಎಳೆಯಿರಿ. ಖರ್ಚಿಲ್ಲದೆ ಸ್ಕೋರ್ ಏರುವುದು ಇದರಿಂದಲೇ.

ಮೊದಲ ಪಂದ್ಯಕ್ಕೆ ಹೋಗುವಾಗ ಕಣ್ಣಿಗೆ ಕನ್ನಡಕ, ಕಿವಿಗೆ ಪ್ಲಗ್, ಚೇಂಬರ್ ಖಾಲಿ ಅಂತ ತೋರಿಸುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಫ್ಲ್ಯಾಗ್ ಮರೆಯಬೇಡಿ. ಉಕ್ಕಿಗೆ ತಾಗಿದ ಸೀಸ ಚೂರಾಗಿ ಸಿಡಿಯುತ್ತದೆ, ಹೊಡೆಯದೆ ಸುಮ್ನೆ ನಿಂತಿರುವಾಗಲೂ ಕನ್ನಡಕ ಇರಲಿ. ಮನೆಯಲ್ಲಿ ಮಕ್ಕಳಿದ್ದರೂ ಇಲ್ಲದಿದ್ದರೂ ರೈಫಲ್ ಬೀಗದ ಪೆಟ್ಟಿಗೆಯಲ್ಲಿ, ತೋಟಾ ಬೇರೆ ಬೀಗದಲ್ಲಿ. ಆ ಪೆಟ್ಟಿಗೆಯ ದುಡ್ಡನ್ನು ರೈಫಲ್‌ನ ಪಾಲಿನಲ್ಲೇ ಮೊದಲು ತೆಗೆದಿಡಿ.

ಮೊದಲ ಪಂದ್ಯದಲ್ಲಿ 40ಕ್ಕೆ ಹತ್ತು ಬಿದ್ದರೆ ಚೆನ್ನಾಗಿಯೇ ಹೊಡೆದಿದ್ದೀರಿ. ಟರ್ಕಿ ಎಲ್ಲರನ್ನೂ ಕಾಡುತ್ತದೆ, ಅನ್‌ಶುಟ್ಜ್ ಹಿಡಿದವರನ್ನೂ.